ಒಂಟಿ ಮೇಸ್ತ್ರಿಯ ಇನ್ನೊಂದು ತುದಿ

ಬೆಳಗಿನ ಐದೂವರೆ. ಪೇಪರ್ ಹಾಕುವವನ ಸೈಕಲ್ ಇನ್ನೂ ಈ ಬೀದಿಗೆ ತಿರುಗಿಲ್ಲ. ನಾಲ್ಕಂತಸ್ತಿನ ಹೊಸ ಮನೆಯೊಂದರ ತುತ್ತತುದಿಯ ಕೋಣೆಯಲ್ಲಿ, ಏಣಿಯ ಮೇಲೆ ನಿಂತ ಒಬ್ಬರು ಪೈಪಿಗೆ ಪೌಡರ್ ಹಾಕುತ್ತಿದ್ದಾರೆ. ಎಳೆಮಗುವಿಗೆ ಸ್ನಾನ ಮಾಡಿಸಿ ಹಚ್ಚುತ್ತಾರಲ್ಲ, ಅದೇ ಪೌಡರು. ಗೋಡೆಯೊಳಗೆ ಹುದುಗಿರುವ ಆ ಪೈಪು ಚಾವಣಿಯ ಹತ್ತಿರ ಬಾಯಿ ತೆರೆದುಕೊಂಡಿದೆ. ಅಲ್ಲಿಂದ ಮೂರು ಮಹಡಿ ಇಳಿದು ಕೆಳಗೆ ಮೆಟ್ಟಿಲ ಬುಡದ ಕಪಾಟಿನಲ್ಲಿ ಹೊರಬರುತ್ತದೆ. ಒಳಗೆ ಆಗಲೇ ಒಂದು ನೈಲಾನ್ ದಾರ ಇಳಿಬಿಟ್ಟಿದ್ದಾರೆ. ದಾರದ ಮೇಲಿನ ತುದಿಗೆ ನಾಲ್ಕು ನೀಲಿ ಕೇಬಲ್‌ಗಳನ್ನು ಕಟ್ಟಿ, ಗಂಟಿನ ಮೇಲೆ ಟೇಪ್ ಸುತ್ತಿ, ಅದರ ಮೂತಿಯನ್ನು ಪೆನ್ಸಿಲ್ಲಿನಂತೆ ಚೂಪು ಮಾಡುತ್ತಾರೆ. ಆಮೇಲೆ ಏಣಿ ಇಳಿದು, ಅರವತ್ತಾರು ಮೆಟ್ಟಿಲು ಇಳಿದು, ಕಪಾಟಿನ ಮುಂದೆ ಮಂಡಿಯೂರಿ ದಾರ ಎಳೆಯುತ್ತಾರೆ.

ದಾರ ಬರುತ್ತದೆ, ಬರುತ್ತದೆ, ಎರಡನೇ ಮಹಡಿಯ ತಿರುವಿನ ಹತ್ತಿರ ಗಕ್ಕನೆ ನಿಂತುಬಿಡುತ್ತದೆ. ಇನ್ನೂ ಬಲ ಹಾಕಿದರೆ ದಾರ ಕಿತ್ತುಬರುತ್ತದೆ, ಪೈಪು ಕೈಬಿಟ್ಟುಹೋಗುತ್ತದೆ. "ಮತ್ತೆ ನಿಂತ್ಯೇನಪ್ಪಾ," ಎಂದು ಗೋಡೆಗೇ ಹೇಳಿ, ಮೊಣಕಾಲು ಹಿಡಿದುಕೊಂಡು ಎದ್ದು, ಪುನಃ ಅರವತ್ತಾರು ಮೆಟ್ಟಿಲು ಹತ್ತುತ್ತಾರೆ. ಮಾತಾಡಿಸಲು ಆ ಮನೆಯಲ್ಲಿ ಗೋಡೆ ಬಿಟ್ಟರೆ ಬೇರೆ ಯಾರೂ ಇಲ್ಲ.

ಮನೆ ಕಟ್ಟುವ ಜಾಗಗಳಲ್ಲೆಲ್ಲ ಇವರಿಗೆ ‘ಒಂಟಿ ಮೇಸ್ತ್ರಿ’ ಎಂದೇ ಹೆಸರು. ವಯಸ್ಸು ಐವತ್ತಾರು. ಮನೆಯ ಪ್ರತಿ ಕೋಣೆಗೂ ಕಂಪ್ಯೂಟರಿನ, ನೆಟ್ಟಿನ ಕೇಬಲ್ ಎಳೆದು, ಎಲ್ಲವನ್ನೂ ಮೆಟ್ಟಿಲ ಕೆಳಗಿನ ಒಂದು ಪೆಟ್ಟಿಗೆಗೆ ತಂದು ಜೋಡಿಸುವುದು ಇವರ ಕೆಲಸ. ಹೇಳಿದರೆ ಇಷ್ಟೇ. ಆದರೆ ಈ ಇಷ್ಟನ್ನು ಅರ್ಥ ಮಾಡಿಸುವುದರಲ್ಲೇ ಇಪ್ಪತ್ತನಾಲ್ಕು ವರ್ಷ ಕಳೆದಿದೆ. ಕೈಯಲ್ಲಿ ವೈರು ಕಂಡರೆ ಸಾಕು, ಒಬ್ಬರು ಟೀವಿ ಬರುತ್ತಿಲ್ಲ ನೋಡಿ ಎನ್ನುತ್ತಾರೆ, ಇನ್ನೊಬ್ಬರು ಫ್ಯಾನು ಗರಗರ ಅನ್ನುತ್ತದೆ ಎನ್ನುತ್ತಾರೆ. ಒಂದು ಮನೆಯ ಅಜ್ಜಿಯಂತೂ ನಲ್ಲಿ ಸೋರುವುದನ್ನು ಸರಿಮಾಡಿಸದೆ ಬಿಟ್ಟಿಲ್ಲ. ಮೇಸ್ತ್ರಿ ತಕರಾರು ಮಾಡುವವರಲ್ಲ. ನಲ್ಲಿ ಬಿಗಿ ಮಾಡಿ, ಕೈ ಒರೆಸಿಕೊಂಡು, ತಮ್ಮ ಪೈಪಿನ ಹತ್ತಿರ ವಾಪಸು ಬಂದಿದ್ದಾರೆ.

"ಮನೆ ತೋರಿಸೋವಾಗ ಅಡುಗೆಮನೆ ಕಲ್ಲು ತೋರಿಸ್ತಾರೆ, ಬಾತ್‌ರೂಮಿನ ಟೈಲ್ಸ್ ತೋರಿಸ್ತಾರೆ. ನನ್ನ ಕೆಲಸ ಯಾರೂ ತೋರಿಸಲ್ಲ," ಎಂದು ನಗುತ್ತಾರೆ. "ತೋರಿಸಿದ್ರು ಅಂದ್ರೆ ಎಲ್ಲೋ ಕೆಟ್ಟಿದೆ ಅಂತ ಅರ್ಥ. ಹಾಗಾಗಿ ಕಾಣಿಸದೇ ಇರೋದೇ ಒಳ್ಳೇದು."

ಈ ಮನೆಯ ಲೆಕ್ಕ ಕೇಳಿದರೆ ಬೆರಳು ಮಡಚಿ ಹೇಳುತ್ತಾರೆ. ನಲವತ್ತೊಂದು ಕೇಬಲ್. ಒಂದೊಂದಕ್ಕೂ ಎರಡು ತುದಿ, ಒಂದೊಂದು ತುದಿಯಲ್ಲೂ ಎಂಟು ತಂತಿ. ಒಟ್ಟು ಆರುನೂರ ಐವತ್ತಾರು ತಂತಿಗಳನ್ನು ಬಣ್ಣದ ವರಸೆ ತಪ್ಪದೆ ಜೋಡಿಸಬೇಕು. ಕೇಬಲ್ಲಿನೊಳಗೆ ತಂತಿಗಳು ಎರಡೆರಡಾಗಿ ಜಡೆ ಹೆಣೆದಂತೆ ಸುತ್ತಿಕೊಂಡಿರುತ್ತವೆ. ಆ ಸುತ್ತನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸಿ ಎಲ್ಲ ಗಜಿಬಿಜಿ. ದಿನಕ್ಕೆ ಕಡಿಮೆಯೆಂದರೂ ಮೂವತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಅಂದರೆ ಎರಡು ಸಾವಿರ ಮೆಟ್ಟಿಲು ಮೇಲಕ್ಕೆ, ಎರಡು ಸಾವಿರ ಕೆಳಕ್ಕೆ. ಬೇರೆಯವರಿಗೆ ಇದರ ಕಾಲು ಭಾಗವೂ ಹತ್ತುವ ಕೆಲಸವಿರುವುದಿಲ್ಲ, ಯಾಕೆಂದರೆ ಬೇರೆಯವರು ಒಬ್ಬರೇ ಇರುವುದಿಲ್ಲ.

ಇದು ಇಬ್ಬರ ಕೆಲಸ. ಮೇಲೊಬ್ಬರು ನಿಂತು ಕೇಬಲನ್ನು ಪೈಪಿನೊಳಕ್ಕೆ ಊಡುತ್ತಾ ಹೋಗಬೇಕು, ಕೆಳಗೊಬ್ಬರು ನಿಂತು ಎಳೆಯಬೇಕು. ಮೇಸ್ತ್ರಿಗೆ ಮಾತ್ರ ಆ ಇನ್ನೊಬ್ಬರು ಬೇಡ. ಮೇಲಿನ ಕೋಣೆಯ ನೆಲದ ಮೇಲೆ ಕೇಬಲನ್ನು ಎಂಟರ ಆಕಾರದಲ್ಲಿ, ಸಿಕ್ಕುಬೀಳದ ಹಾಗೆ ಸುರುಳಿ ಹಾಸಿ ಬರುತ್ತಾರೆ. ಕೆಳಗಿನಿಂದ ಎಳೆಯುತ್ತಾರೆ. ಸಿಕ್ಕಿಕೊಂಡರೆ ಮೇಲೆ ಹೋಗಿ ಬಿಡಿಸುತ್ತಾರೆ. ಮತ್ತೆ ಕೆಳಗೆ. ಕಂಟ್ರಾಕ್ಟರು ಎಷ್ಟೋ ಸಲ ಒಬ್ಬರನ್ನು ಕಳಿಸುತ್ತೇನೆ ಎಂದಿದ್ದಾರೆ. ಇನ್ನೊಂದು ತುದಿಗೆ ಒಂದು ಜೀವವನ್ನು ನಿಲ್ಲಿಸುವುದು ತಮ್ಮಿಂದಾಗದು ಎಂದು ಮೇಸ್ತ್ರಿ ಯಾರಿಗೂ ಬಿಡಿಸಿ ಹೇಳಿಲ್ಲ. ಸುಮ್ಮನೆ ಬೇಡ ಎಂದಿದ್ದಾರೆ. ಏಳು ವರ್ಷದಿಂದ ಹೀಗೇ ನಡೆದಿದೆ.

ಇವತ್ತು ಮಾತ್ರ ನಡೆಯುವ ಹಾಗೆ ಕಾಣುತ್ತಿಲ್ಲ. ಗಾರೆಯವರು ಗೋಡೆ ಮುಚ್ಚುವಾಗ ಆ ತಿರುವಿನಲ್ಲಿ ಸಿಮೆಂಟು ಒಳಗೆ ಸೋರಿ ಪೈಪಿನ ಗಂಟಲು ಕಿರಿದಾಗಿದೆ. ಹಿಂದೆಲ್ಲ ಇಂಥದ್ದು ಎದುರಾದರೆ ಮೇಸ್ತ್ರಿ ಅಲ್ಲೇ ಗೋಡೆ ಒಡೆದು, ಪೈಪು ಸರಿಮಾಡಿ, ತಾವೇ ಗಾರೆ ಬಳಿದು ಬರುತ್ತಿದ್ದರು. ಇಲ್ಲಿ ಗೋಡೆಗೆ ಕಲ್ಲು ಹೊದಿಸಿಯಾಗಿದೆ, ಉಳಿ ಮುಟ್ಟಿಸುವಂತಿಲ್ಲ. ಅದರ ಮೇಲೆ ಹತ್ತು ಗಂಟೆಗೆ ಸೀಲಿಂಗ್ ಹಲಗೆ ಕೂರಿಸುವವರು ಬರುತ್ತಾರೆ. ಅವರು ಮೇಲಿನ ಕೋಣೆಯ ಚಾವಣಿ ಮುಚ್ಚಿದರೆ ಪೈಪಿನ ಬಾಯಿಯೂ ಮುಚ್ಚಿತು. ಆಮೇಲೆ ಅಪ್ಪನಾಣೆಗೂ ಆ ಕೋಣೆಗೆ ಕೇಬಲ್ ಬರುವುದಿಲ್ಲ.

ಏಳು ಗಂಟೆಗೆ ಕಂಟ್ರಾಕ್ಟರಿನ ಫೋನು ಬರುತ್ತದೆ. ವಿಷಯ ಕೇಳಿ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಕೋಣೆ ತಾನೆ, ಬಿಟ್ಟುಬಿಡಿ, ವೈಫೈ ಇದೆಯಲ್ಲ, ಎನ್ನುತ್ತಾರೆ. ಮೇಸ್ತ್ರಿ ಫೋನಿಟ್ಟು, ನಾಲ್ಕನೇ ಸಲ ಮೆಟ್ಟಿಲು ಹತ್ತುತ್ತಾರೆ.

ಒಂಟಿ ಮೇಸ್ತ್ರಿ ಹುಟ್ಟಿನಿಂದ ಒಂಟಿಯೇನಲ್ಲ. ಒಂಬತ್ತನೇ ತರಗತಿಗೆ ಓದು ಬಿಟ್ಟವರು ಹತ್ತೊಂಬತ್ತರ ವಯಸ್ಸಿಗೆ ಟೆಲಿಫೋನ್ ತಂತಿ ಎಳೆಯುವವರ ಹಿಂದೆ ಏಣಿ ಹೊರಲು ಸೇರಿದರು. ಫೋನುಗಳೆಲ್ಲ ಜೇಬಿಗೆ ಬಂದಾಗ ಹೊಟ್ಟೆಪಾಡಿಗೆ ಏನು ಗತಿ ಎಂದು ಕಂಗಾಲಾಗಿದ್ದರು. ಅಷ್ಟರಲ್ಲಿ ಆಫೀಸುಗಳಿಗೆ ಕಂಪ್ಯೂಟರ್ ಕೇಬಲ್ಲು ಬಂತು, ಆಮೇಲೆ ಮನೆಗಳಿಗೂ ಬಂತು. ಎಂಟು ವರ್ಷಕ್ಕೆ ಚಿಕ್ಕವನಾದ ತಮ್ಮನನ್ನು ಜೊತೆಗೆ ಹಾಕಿಕೊಂಡರು. ಅಣ್ಣ ಕೆಳಗೆ ಎಳೆಯುವುದು, ತಮ್ಮ ಮೇಲೆ ಊಡುವುದು. ಹದಿನೇಳು ವರ್ಷ ಈ ಜೋಡಿ ಎಷ್ಟು ಮನೆಗಳ ಗೋಡೆಯೊಳಗೆ ಓಡಾಡಿದೆಯೋ ಲೆಕ್ಕವಿಲ್ಲ.

ಮೂರು ಮಹಡಿ ಕೂಗಿಕೊಂಡರೆ ಗಂಟಲು ಕಟ್ಟುತ್ತದೆ, ಫೋನು ಹಿಡಿಯಲು ಕೈ ಖಾಲಿ ಇರುವುದಿಲ್ಲ. ಹಾಗಾಗಿ ಇಬ್ಬರ ನಡುವೆ ದಾರದ ಮಾತು ಹುಟ್ಟಿತ್ತು. ಮೇಲಿನವನು ಒಂದು ಸಲ ಜಗ್ಗಿದರೆ ನಿಲ್ಲಿಸು, ಎರಡು ಸಲ ಜಗ್ಗಿದರೆ ಎಳಿ. ಮೂರು ಸಲ ಜಗ್ಗಿದರೆ ಟೀ ಕುಡಿಯೋಣ ಬಾ. ತಮ್ಮ ಮಹಾ ತರಲೆ. ಕೆಲಸ ಶುರುವಾದ ಐದೇ ನಿಮಿಷಕ್ಕೆ ಮೂರು ಸಲ ಜಗ್ಗುತ್ತಿದ್ದ. ಅಣ್ಣ ಕೆಳಗಿನಿಂದ ಸಿಟ್ಟಿನಲ್ಲಿ ಒಂದು ಸಲ ಜಗ್ಗುತ್ತಿದ್ದರು. ಮೇಲಿನಿಂದ ನಗು ಕೇಳಿಸುತ್ತಿತ್ತು.

ಏಳು ವರ್ಷದ ಹಿಂದೆ ಹೀಗೇ ಒಂದು ಮನೆ. ಸಂಜೆಯೊಳಗೆ ಮುಗಿಸಿ ಇನ್ನೊಂದು ಕಡೆ ಹೋಗುವ ಅವಸರ ಅಣ್ಣನದು. ಕೇಬಲ್ಲು ಸಲೀಸಾಗಿ ಓಡಲಿ ಎಂದು ಪೌಡರನ್ನು ಕೈತುಂಬ ಸುರಿದಿದ್ದರು. ಅದು ಎಷ್ಟು ನುಣ್ಣಗಾಯಿತೆಂದರೆ ಏಣಿಯ ಮೇಲಿದ್ದ ತಮ್ಮನ ಹಿಡಿತಕ್ಕೇ ಸಿಗದೆ ಜಾರತೊಡಗಿತು. ಜಾರದಿರಲೆಂದು ಆತ ಕೇಬಲನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡ. ಈ ಕಸುಬಿನಲ್ಲಿ ಮಾಡಲೇಬಾರದ ಕೆಲಸ ಅದು. ಸುತ್ತು ಬಿಗಿಯುತ್ತಿದ್ದಂತೆ ಗಾಬರಿಯಾಗಿ ಒಂದು ಸಲ ಜಗ್ಗಿದ. ಕೂಗಿಯೂ ಇದ್ದ, ಆದರೆ ಪಕ್ಕದ ಕೋಣೆಯಲ್ಲಿ ಡ್ರಿಲ್ಲು ಕಿವಿ ಕಿತ್ತುಹೋಗುವಂತೆ ಸದ್ದು ಮಾಡುತ್ತಿತ್ತು.

"ಜಗ್ಗಿದ್ದು ಕೈಗೆ ಗೊತ್ತಾಯ್ತು," ಎನ್ನುತ್ತಾರೆ ಮೇಸ್ತ್ರಿ, ಮಧ್ಯಾಹ್ನ ಇದನ್ನು ಬರೆಯಲು ಮಾತಾಡಿಸಿದಾಗ. ಈ ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ. "ಗೊತ್ತಾಗ್ಲಿಲ್ಲ ಅಂತ ಎಲ್ಲರಿಗೂ ಹೇಳಿದ್ದೀನಿ. ಗೊತ್ತಾಗಿತ್ತು. ಎಲ್ಲೋ ತಿರುವಿಗೆ ಉಜ್ಜಿರಬೇಕು ಬಿಡು ಅಂದ್ಕೊಂಡೆ. ಅವಸರ ಇತ್ತಲ್ಲ. ಮೈಭಾರ ಎಲ್ಲಾ ಹಾಕಿ ಎಳೆದೆ."

ತಮ್ಮ ಏಣಿಯ ಸಮೇತ ಬಂದು ಬಿದ್ದ. ಮುರಿದ ಭುಜ ಕೂಡಿಕೊಂಡಿತು. ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲೇ ಇಲ್ಲ. ಈಗ ಆತ ಬಸ್ ನಿಲ್ದಾಣದ ಪಕ್ಕ ಬೈಕು ಸ್ಕೂಟರು ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಟೋಕನ್ ಕೊಡುತ್ತಾ ಕೂರುತ್ತಾನೆ. ಮನೆ ಎರಡು ಬೀದಿ ಆಚೆ. ಅಣ್ಣ ತಮ್ಮ ವಾರಕ್ಕೊಂದು ಸಲ ಸಿಗುತ್ತಾರೆ, ಊಟವಾಯಿತಾ, ಬಿಸಿಲು ಜಾಸ್ತಿ ಅಲ್ಲವಾ, ಎಂದು ಮಾತಾಡುತ್ತಾರೆ. ಆ ದಿನದ ಸುದ್ದಿಯನ್ನು ಇಬ್ಬರೂ ಎತ್ತಿಲ್ಲ. ತಮ್ಮ ಒಂದೇ ಒಂದು ಸಲವೂ ಅಣ್ಣನನ್ನು ದೂರಿಲ್ಲ.

"ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಮೇಸ್ತ್ರಿ. "ನಾಲ್ಕು ಮಾತು ಬೈದು, ಎರಡು ಏಟು ಹಾಕಿದ್ರೂ ಸರಿ ಇತ್ತು. ಸುಮ್ಮನೆ ಇದ್ದುಬಿಟ್ಟ. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಇವರ ಹೆಂಡತಿ ಮನೆಯಲ್ಲಿ ಹೊಲಿಗೆ ಹಾಕುತ್ತಾರೆ. ಬಾಯಿ ಜೋರು, ಮನಸ್ಸು ಮೃದು. ಎಲ್ಲರ ಗಂಡಂದಿರು ಕೆಲಸದಿಂದ ಬೆವರು ನಾರುತ್ತಾ ಬಂದರೆ ನಮ್ಮವರು ಎಳೆಕೂಸಿನ ಹಾಗೆ ಘಮಘಮ ಅನ್ನುತ್ತಾ ಬರುತ್ತಾರೆ ಎಂದು ಅಕ್ಕಪಕ್ಕದವರ ಎದುರು ರೇಗಿಸುತ್ತಾರೆ. ಮೈದುನನ ಮಾತು ಬಂದಾಗ ಮಾತ್ರ ಆ ದನಿ ತಗ್ಗುತ್ತದೆ. "ಅವತ್ತಿಂದ ಇವರು ಮನೆಗೆ ಬಂದ್ರೂ ಒಬ್ಬರೇ ಇದ್ದ ಹಾಗೇ ಇರ್ತಾರೆ. ನಾನು ಪಕ್ಕದಲ್ಲೇ ಕೂತಿರ್ತೀನಿ. ಎಲ್ಲೋ ಮೂರು ಮಹಡಿ ಮೇಲೆ ಕೂತಿದ್ದೀನೇನೋ ಅನ್ಸುತ್ತೆ." ಇಷ್ಟು ಹೇಳಿ ಹೊಲಿಗೆ ಯಂತ್ರದ ಚಕ್ರ ತಿರುಗಿಸುತ್ತಾರೆ.

ಈಗ ಮತ್ತೆ ಆ ಹೊಸ ಮನೆಗೆ. ಏಳೂವರೆ ಆಗಿದೆ. ಐದನೇ ಸಲ ಮೇಲಿನ ಕೋಣೆಗೆ ಏದುಸಿರು ಬಿಡುತ್ತಾ ಬಂದ ಮೇಸ್ತ್ರಿಗೆ ಅಲ್ಲೊಬ್ಬ ಹೆಂಗಸು ಕಾಣಿಸುತ್ತಾರೆ. ಮೂವತ್ತೈದರ ಆಸುಪಾಸು. ಹೆಗಲಿಗೆ ಚೀಲ, ಕೂದಲು ಬಿಚ್ಚಿದ್ದು. ಕಿಟಕಿಗೆ ಬೆನ್ನು ಮಾಡಿ ನಿಂತು ತಮ್ಮ ಎರಡು ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಾರೆ, ಆಮೇಲೆ ಗೋಡೆಗೆ ಬೆನ್ನು ಮಾಡಿ ಮತ್ತೆ ಕೈ ನೋಡಿಕೊಳ್ಳುತ್ತಾರೆ. ಯಾರು ನೀವು, ಕೆಳಗಿನಿಂದ ಹೇಗೆ ಬಂದಿರಿ, ಏಣಿ ಇದೆ ಹುಷಾರು, ಎಂದು ಮೇಸ್ತ್ರಿ ಅಪರೂಪಕ್ಕೆ ಮೂರು ಮಾತು ಒಟ್ಟಿಗೆ ಆಡುತ್ತಾರೆ. ಆಕೆ ತಿರುಗಿಯೂ ನೋಡುವುದಿಲ್ಲ. ದೊಡ್ಡವರ ಮನೆಯವರು, ಸೊಕ್ಕು ಇರಬೇಕು ಎಂದುಕೊಳ್ಳುತ್ತಾರೆ. ಏಳು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಮನುಷ್ಯ ತಾವಾಗಿ ಮಾತಾಡಿಸಿದರೆ ಆದ ಮರ್ಯಾದೆ ಇದು.

ಆಕೆ ತಿರುಗಿ, ಮೇಸ್ತ್ರಿಯನ್ನು ಕಂಡು ಬೆಚ್ಚಿ, ತಕ್ಷಣ ಫೋನು ತೆಗೆದು ಬರೆದು ತೋರಿಸುತ್ತಾರೆ. ನನಗೆ ಕಿವಿ ಕೇಳಿಸಲ್ಲ, ಮಾತೂ ಬರಲ್ಲ, ಈ ಕೋಣೆ ನನ್ನದು, ಮನೆ ಯಜಮಾನರ ತಂಗಿ ನಾನು. ಮೇಸ್ತ್ರಿ ನಾಚಿಕೆಯಿಂದ ಹಿಡಿಯಷ್ಟಾಗುತ್ತಾರೆ.

ಮುಂದಿನ ಹತ್ತು ನಿಮಿಷ ಒಂದೇ ಫೋನು ಇಬ್ಬರ ಕೈ ಬದಲಿಸುತ್ತದೆ. ಆಕೆ ತನ್ನಂತೆಯೇ ಕಿವಿ ಕೇಳಿಸದ ಮಕ್ಕಳಿಗೆ ವಿಡಿಯೊದಲ್ಲಿ ಪಾಠ ಹೇಳುವ ಟೀಚರು. ಬೇರೆ ಬೇರೆ ಊರುಗಳ ಹನ್ನೊಂದು ಮಕ್ಕಳು. ಅವರೊಂದಿಗೆ ಮಾತಾಡುವುದೆಲ್ಲ ಕೈಯಲ್ಲೇ. ಬೆಳಗಿನ ಬೆಳಕು ಕೈ ಮೇಲೆ ಬೀಳಬೇಕಾದರೆ ಮೇಜನ್ನು ಯಾವ ಮೂಲೆಗೆ ಹಾಕಬೇಕು ಎಂದು ನೋಡಲು, ಮೇಸ್ತ್ರಿ ಕಪಾಟಿನೊಳಗೆ ತಲೆ ಹಾಕಿದ್ದಾಗ ಮೆಟ್ಟಿಲು ಹತ್ತಿ ಬಂದಿದ್ದಾರೆ. ಈ ಕೋಣೆಗೆ ಕೇಬಲ್ ಬರುವುದು ಕಷ್ಟ, ವೈಫೈಯಲ್ಲಿ ನಡೆಸಿಕೊಳ್ಳುತ್ತೀರಾ, ಎಂದು ಮೇಸ್ತ್ರಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ಆಕೆಯ ಹುಬ್ಬು ಗಂಟಾಗುತ್ತದೆ. ಹಳೇ ಮನೆಯಲ್ಲೂ ವೈಫೈಯೇ ಇತ್ತು ಎಂದು ಬರೆಯುತ್ತಾರೆ. ಮೇಲಿನ ಮಹಡಿಗೆ ಬರುವಷ್ಟರಲ್ಲಿ ಅದಕ್ಕೆ ಉಸಿರಿರುವುದಿಲ್ಲ, ಚಿತ್ರ ನಿಂತು ನಿಂತು ಬರುತ್ತದೆ.

ಕೊನೆಗೆ ಬರೆದ ಸಾಲನ್ನು ಮೇಸ್ತ್ರಿ ಎರಡು ಸಲ ಓದುತ್ತಾರೆ. "ನಿಮ್ಮ ಫೋನಲ್ಲಿ ಚಿತ್ರ ನಿಂತ್ರೂ ಮಾತು ಕೇಳ್ಸುತ್ತೆ. ನಮ್ಮಲ್ಲಿ ಕೈ ಅರ್ಧಕ್ಕೆ ನಿಂತ್ರೆ ಮಾತೂ ಅರ್ಧಕ್ಕೇ ನಿಲ್ಲುತ್ತೆ. ಮಕ್ಕಳು ಕಾದು ಕಾದು ಎದ್ದು ಹೋಗ್ತಾರೆ."

ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ಏನೋ ಸಮಾಧಾನ ಹೇಳುತ್ತಿದ್ದರು. ಮೇಸ್ತ್ರಿ ಸೀದಾ ಏಣಿ ಹತ್ತಿ, ಕೇಬಲನ್ನು ಅರ್ಧ ಗಜ ಹಿಂದಕ್ಕೆಳೆದು, ಮತ್ತೆ ಪೌಡರ್ ಹಾಕಿ, ಕೆಳಕ್ಕೆ ಓಡುತ್ತಾರೆ. ಸಿಕ್ಕಿಕೊಳ್ಳುತ್ತದೆ. ಮೇಲೆ ಬರುತ್ತಾರೆ. ಮೇಲಿನಿಂದ ತಳ್ಳಿದರೆ ಕೆಳಗೆ ಎಳೆಯುವವರಿಲ್ಲ, ಕೆಳಗಿನಿಂದ ಎಳೆದರೆ ಮೇಲೆ ತಳ್ಳುವವರಿಲ್ಲ. ಆ ಕಿರಿದಾದ ತಿರುವು ದಾಟಬೇಕೆಂದರೆ ಎರಡೂ ಒಂದೇ ಹೊತ್ತಿಗೆ, ಒಂದೇ ಹದದಲ್ಲಿ ಆಗಬೇಕು. ಇದು ಮೇಸ್ತ್ರಿಗೆ ಬೆಳಗ್ಗೆ ಆರು ಗಂಟೆಗೇ ಗೊತ್ತಿತ್ತು. ಗೊತ್ತಿದ್ದೂ ಎರಡು ಗಂಟೆ ಕಾಲ ಮೆಟ್ಟಿಲ ಮೇಲೆ ಜೀವ ತೇದಿದ್ದಾರೆ.

ಟೀಚರಿಗೂ ಅದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಏಳನೇ ಸಲ ಮೇಸ್ತ್ರಿ ಮೇಲೆ ಬರುವಷ್ಟರಲ್ಲಿ ಆಕೆ ಏಣಿಯ ಮೇಲಿದ್ದಾರೆ. ಕೇಬಲ್ಲು ಆಕೆಯ ಕೈಯಲ್ಲಿದೆ. ನೀವು ಕೆಳಗೆ ಹೋಗಿ ಎಂದು ಗಲ್ಲ ಆಡಿಸಿ ತೋರಿಸುತ್ತಾರೆ. ಮೇಸ್ತ್ರಿ ಸರಸರನೆ ಹತ್ತಿರ ಹೋಗಿ ಆಕೆಯ ಕೈಯಿಂದ ಕೇಬಲನ್ನು ಕಿತ್ತುಕೊಳ್ಳುತ್ತಾರೆ. ಹೆಂಗಸರ ಕೈಯಿಂದ ಏನನ್ನೂ ಹೀಗೆ ಕಿತ್ತುಕೊಂಡ ಮನುಷ್ಯರಲ್ಲ ಅವರು. ಆಕೆ ಕೆಂಡವಾಗಿ ಇಳಿದು ಬಂದು, ಎದುರು ನಿಂತು, ಯಾಕೆ ಎಂದು ಕೈ ತಿರುವಿ ಕೇಳುತ್ತಾರೆ. ಅದನ್ನು ಅರ್ಥ ಮಾಡಿಕೊಳ್ಳಲು ಯಾವ ಪಾಠವೂ ಬೇಕಾಗಿಲ್ಲ.

ಮೇಸ್ತ್ರಿ ಫೋನು ಕೇಳಿ ಪಡೆಯುತ್ತಾರೆ. ನೆಲದ ಮೇಲೆ ಕೂತು ಬರೆಯುತ್ತಾರೆ. ತಮ್ಮ, ಏಣಿ, ಅಂಗೈಗೆ ಸುತ್ತಿದ ಕೇಬಲ್ಲು, ಒಂದು ಸಲ ಜಗ್ಗಿದ್ದು, ತಾವು ನಿಲ್ಲಿಸದೇ ಇದ್ದದ್ದು. ಹೆಂಡತಿಗೂ ಪೂರ್ತಿಯಾಗಿ ಹೇಳದ ಸಂಗತಿಯನ್ನು ಅರ್ಧ ಗಂಟೆಯ ಹಿಂದೆ ಕಂಡವರಿಗೆ, ಅದೂ ಒಂದೊಂದೇ ಅಕ್ಷರ ಒತ್ತಿ ಹೇಳುತ್ತಾರೆ. ಬರೆದು ಮುಗಿಸುವಷ್ಟರಲ್ಲಿ ಕಣ್ಣು ಮಂಜಾಗಿ, ಎರಡು ಕಡೆ ಕಾಗುಣಿತ ತಪ್ಪಿದೆ. ಫೋನನ್ನು ಕೊಟ್ಟು ಬೇರೆ ಕಡೆ ನೋಡುತ್ತಾರೆ.

ಟೀಚರು ಓದುತ್ತಾರೆ. ಪಾಪ ಎಂದು ಮುಖ ಮಾಡುವುದಿಲ್ಲ. ತಮ್ಮ ಹತ್ತು ಬೆರಳುಗಳನ್ನು ಒಂದು ಸಲ ನೋಡಿಕೊಂಡು ಬರೆಯುತ್ತಾರೆ. "ನನಗಿರೋ ಮಾತೆಲ್ಲ ಈ ಬೆರಳಲ್ಲೇ ಇದೆ. ಎರಡು ಬೆರಳು ಹೋದ್ರೂ ನಾನು ತೊದಲೋಕೆ ಶುರು ಮಾಡ್ತೀನಿ. ಹುಷಾರಾಗಿ ಎಳೀರಿ." ಅದರ ಕೆಳಗೆ ಇನ್ನೊಂದು ಸಾಲು. "ಎಷ್ಟು ಸಲ ಜಗ್ಗಿದ್ರೆ ಏನು ಅರ್ಥ ಅಂತ ಹೇಳಿಕೊಡಿ. ನಿಮಗಿಂತ ಬೇಗ ಕಲೀತೀನಿ."

ಮೇಸ್ತ್ರಿ ಹೇಳಿಕೊಡುತ್ತಾರೆ. ಅಂಗೈ ಬಿಚ್ಚಿ, ಅದರ ಮೇಲೆ ಕೇಬಲನ್ನು ಸುಮ್ಮನೆ ಮಲಗಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಹೀಗೆ ಎಂದು ತೋರಿಸುತ್ತಾರೆ. ತಮ್ಮ ಕೈಗೇ ಒಂದು ಸುತ್ತು ಸುತ್ತಿ, ಬಿಗಿದು, ಹೀಗಲ್ಲ ಎಂದು ತಲೆಯಾಡಿಸುತ್ತಾರೆ. ಮೂರು ಸಲ ತೋರಿಸುತ್ತಾರೆ. ನಾಲ್ಕನೇ ಸಲ ತೋರಿಸಹೊರಟಾಗ ಆಕೆ ಮೇಸ್ತ್ರಿಯ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿ ಕಳಿಸುತ್ತಾರೆ.

ಎಂಟೂ ಮುಕ್ಕಾಲು. ಮೇಸ್ತ್ರಿ ಕಪಾಟಿನ ಮುಂದೆ ಮಂಡಿಯೂರಿದ್ದಾರೆ. ದಾರ ಎರಡು ಬೆರಳುಗಳ ನಡುವೆ ಇದೆ. ಸಾವಿರಾರು ಸಲ ಹಿಡಿದ ದಾರ ಇವತ್ತು ಕೈಗೆ ಹೊಸದು. ಕೂಗಿದರೆ ಪ್ರಯೋಜನವಿಲ್ಲ, ಮೇಲಿರುವವರಿಗೆ ಕೇಳಿಸುವುದಿಲ್ಲ. ಆಕೆ ಕೂಗಿ ಕರೆಯುವ ಹಾಗೂ ಇಲ್ಲ. ಇರುವುದೊಂದೇ ದಾರಿ, ಅದು ಬೆರಳಲ್ಲಿದೆ. ಜಗ್ಗು ಬರುತ್ತದೆ. ಒಂದು, ಎರಡು. ಮೇಸ್ತ್ರಿ ಎಳೆಯುತ್ತಾರೆ. ಕೋಳಿಮರಿ ಹಿಡಿದಷ್ಟು ಹಗುರಾಗಿ ಎಳೆಯುತ್ತಾರೆ. ದಾರ ಒಂದು ಗೇಣು ಬರುತ್ತದೆ, ಇನ್ನೊಂದು ಗೇಣು ಬರುತ್ತದೆ. ತಿರುವಿನ ಹತ್ತಿರ ತಡೆಯುತ್ತದೆ, ಮೇಲಿನಿಂದ ಒಂದಿಷ್ಟು ನೂಕು ಬಂದಂತಾಗುತ್ತದೆ, ಮೂತಿ ಒಂದು ಬೆರಳಿನಷ್ಟು ಮುಂದೆ ಸರಿಯುತ್ತದೆ. ಬೆಳಗಿನಿಂದ ಹೊರಳದ ಜಾಗದಲ್ಲಿ ಹೊರಳುತ್ತಿದೆ. ಇನ್ನು ಒಂದೇ ಒಂದು ಸಲ ಜೋರಾಗಿ ಎಳೆದರೆ ಬಂದೇಬಿಡುತ್ತದೆ ಎಂದು ಇಪ್ಪತ್ತನಾಲ್ಕು ವರ್ಷ ಪಳಗಿದ ತೋಳು ಹೇಳುತ್ತದೆ.

ಆಗ ದಾರ ಒಂದು ಸಲ ಹಿಂದಕ್ಕೆ ಜಗ್ಗುತ್ತದೆ. ಒಂದೇ ಸಲ.

ಮೇಸ್ತ್ರಿ ಕೈ ಬಿಟ್ಟುಬಿಡುತ್ತಾರೆ. ಸಡಿಲ ಬಿಡುವುದಲ್ಲ, ಕೆಂಡ ಮುಟ್ಟಿದವರಂತೆ ಎರಡೂ ಕೈ ಮೇಲೆತ್ತುತ್ತಾರೆ. ದಾರ ಅಲ್ಲಾಡುತ್ತಾ ನೇತಾಡುತ್ತದೆ. ಒಂದು ನಿಮಿಷ. ಮೇಲಿನಿಂದ ಏನೂ ಇಲ್ಲ. ಬಿದ್ದರೋ ಏನೋ. ಬಿದ್ದಿದ್ದರೆ ಸದ್ದು ಕೇಳಿಸಬೇಕಿತ್ತು. ಓಡಿಹೋಗಿ ನೋಡಬೇಕು, ಆದರೆ ಅರವತ್ತಾರು ಮೆಟ್ಟಿಲು ಹತ್ತುವ ಹೊತ್ತಿಗೆ ಆಕೆ ಎಳಿ ಎಂದರೆ ಇಲ್ಲಿ ಯಾರಿರುತ್ತಾರೆ? ಎರಡು ನಿಮಿಷ. ಮೇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಇಷ್ಟು ದೊಡ್ಡ ಮನೆಯ ಬುಡದಲ್ಲಿ ಕೂತು, ಮೇಲೆ ಏನಾಗುತ್ತಿದೆಯೋ ತಿಳಿಯದೆ, ಒಂದು ನೂಲನ್ನು ನಂಬಿಕೊಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅವರಿಗೆ ಈಗ ತಿಳಿಯುತ್ತಿದೆ. ಆದರೂ ಸುಮ್ಮನಿರುತ್ತಾರೆ.

ಮೂರನೇ ನಿಮಿಷಕ್ಕೆ ದಾರ ಅಲ್ಲಾಡುತ್ತದೆ. ಎರಡು ಸಲ. ಮೇಸ್ತ್ರಿ ಕಣ್ಣೊರೆಸಿಕೊಂಡು ದಾರ ಹಿಡಿಯುತ್ತಾರೆ. ಆಕೆ ನೂಕಿದಷ್ಟೇ ಇವರು ಎಳೆಯುತ್ತಾರೆ, ಎಳ್ಳಷ್ಟೂ ಹೆಚ್ಚಿಲ್ಲ. ಒಂಬತ್ತೂ ಹತ್ತಕ್ಕೆ ಟೇಪ್ ಸುತ್ತಿದ ನೀಲಿ ಮೂತಿ, ಮೈಯೆಲ್ಲ ಪೌಡರು ಮೆತ್ತಿಕೊಂಡು, ಪೈಪಿನಿಂದ ಹೊರಗೆ ಇಣುಕುತ್ತದೆ.

ಮೇಲೆ ಹೋಗಿ ನೋಡಿದರೆ ಟೀಚರು ಏಣಿಯ ಮೇಲೆ ಆರಾಮಾಗಿ ಕೂತಿದ್ದಾರೆ. ಯಾಕೆ ನಿಲ್ಲಿಸಿದಿರಿ ಎಂದು ಮೇಸ್ತ್ರಿ ಕೈ ತಿರುವಿ ಕೇಳುತ್ತಾರೆ, ಆಗ ಆಕೆ ಕೇಳಿದ ಹಾಗೆಯೇ. ಆಕೆ ತಲೆ ತೋರಿಸುತ್ತಾರೆ. ಕೂದಲು ಕಣ್ಣಿಗೆ ಬೀಳುತ್ತಿತ್ತು, ಗಂಟು ಹಾಕಿಕೊಂಡರಂತೆ. ಹೇರ್‌ಬ್ಯಾಂಡು ಚೀಲದ ತಳದಲ್ಲಿ ಸೇರಿಕೊಂಡಿತ್ತು, ಹುಡುಕಬೇಕಾಯಿತಂತೆ. ಮೇಸ್ತ್ರಿ ಗೋಡೆಗೆ ಒರಗಿ ನಗುತ್ತಾರೆ. ನಗುತ್ತಾ ನಗುತ್ತಾ ಅಲ್ಲೇ ಕುಸಿದು ಕೂತು ಅಳುತ್ತಾರೆ. ಟೀಚರು ಏಣಿ ಇಳಿದು, ಚೀಲದಿಂದ ನೀರಿನ ಬಾಟಲಿ ತೆಗೆದು ಪಕ್ಕದಲ್ಲಿಟ್ಟು, ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾರೆ.

ಹತ್ತು ಗಂಟೆಗೆ ಸರಿಯಾಗಿ ಸೀಲಿಂಗಿನವರು ಹಲಗೆ ಹೊತ್ತು ಬರುತ್ತಾರೆ. ಅಷ್ಟರಲ್ಲಿ ನಾಲ್ಕು ಕೇಬಲ್ಲಿಗೂ ತುದಿ ಕೂರಿಸಿ, ಟೆಸ್ಟರಿನ ಒಂದು ತುಂಡನ್ನು ಮೇಲಿಟ್ಟು ಇನ್ನೊಂದನ್ನು ಕೆಳಗೆ ಹಿಡಿದು ನೋಡಿಯಾಗಿದೆ. ತಂತಿಗೊಂದರಂತೆ ಎಂಟೂ ದೀಪ ಸಾಲಾಗಿ ಹತ್ತಿವೆ. ನೀವೊಬ್ಬರೇ ಹೇಗೆ ದಾಟಿಸಿದಿರಿ ಎಂದು ಕಂಟ್ರಾಕ್ಟರು ಫೋನಿನಲ್ಲಿ ಬೆರಗಾಗುತ್ತಾರೆ. ಒಬ್ಬನೇ ಅಲ್ಲ ಎಂದಷ್ಟೇ ಮೇಸ್ತ್ರಿ ಹೇಳುತ್ತಾರೆ. ಮುಂದಿನ ತಿಂಗಳು ಐದಂತಸ್ತಿನ ಮನೆಯೊಂದಿದೆ, ಒಪ್ಪಿಕೊಳ್ಳುತ್ತೀರಾ ಎಂದು ಆ ಕಡೆಯಿಂದ ಪ್ರಶ್ನೆ. ನಾಳೆ ಹೇಳುತ್ತೇನೆ ಎಂದು ಇಟ್ಟುಬಿಡುತ್ತಾರೆ.

ಮಧ್ಯಾಹ್ನ ಮನೆಯ ಮುಂದಿನ ಕಾಂಪೌಂಡಿನ ನೆರಳಲ್ಲಿ ಕೂತು ಡಬ್ಬಿ ಬಿಚ್ಚಿದ್ದಾರೆ. ಅರ್ಧ ತಿಂದು ಮುಚ್ಚಳ ಹಾಕುತ್ತಾರೆ. ಐದಂತಸ್ತಿನ ಮನೆಗೆ ಇಬ್ಬರು ಬೇಕೇಬೇಕು. ಯಾರನ್ನು ಕರೆಯುತ್ತೀರಿ ಎಂದು ಕೇಳಿದರೆ ಡಬ್ಬಿಯನ್ನು ಚೀಲಕ್ಕೆ ಸೇರಿಸುತ್ತಾರೆ.

"ಅವನ ಕೈಲಿ ಕೇಬಲ್ ಊಡೋಕೆ ಆಗಲ್ಲ," ಎನ್ನುತ್ತಾರೆ. "ಎಡಗೈ ಗಟ್ಟಿ ಇದೆ, ಕೆಳಗೆ ನಿಂತು ಎಳೀಬಹುದು. ಸಂಜೆ ಸ್ಟ್ಯಾಂಡಿಗೆ ಹೋಗಿ ಕೇಳ್ತೀನಿ. ಅವತ್ತು ನೀನು ಜಗ್ಗಿದ್ದು ನನಗೆ ಗೊತ್ತಾಗಿತ್ತು ಕಣೋ ಅಂತ ಮೊದಲು ಅದನ್ನ ಹೇಳ್ತೀನಿ. ಆಮೇಲೂ ಬರ್ತೀನಿ ಅಂದ್ರೆ, ಏಣಿ ಮೇಲೆ ನಾನು ನಿಲ್ತೀನಿ. ಈ ಸಲ ಅವನು ಎಳೀಲಿ."